ಮನಸ್ಸಿನ ಗಂಟಿಗೆ ಹದಿನಾರು ವಾರದ ಗಡುವು

೧೯೧೦ನೆಯ ಇಸವಿಯ ಆಗಸ್ಟ್ ತಿಂಗಳಿನ ಒಂದು ದಿನ ಹಾಲೆಂಡ್ ದೇಶದ ಲೈಡನ್ ಪಟ್ಟಣದ ಬೀದಿಗಳಲ್ಲಿ ಇಬ್ಬರು ಗೃಹಸ್ಥರು ಮಾತನಾಡುತ್ತ ನಡೆಯುತ್ತಿದ್ದರು. ಅವರಲ್ಲೊಬ್ಬರು ಮನೋವಿಶ್ಲೇಷಣೆಯ ಜನಕರೆಂದು ಪ್ರಸಿದ್ಧರಾದ ವಿಯೆನ್ನಾದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್. ರಜೆಯ ದಿನಗಳನ್ನು ಕಳೆಯಲು ಅವರು ಆ ದೇಶದ ಕಡಲ ತೀರಕ್ಕೆ ಬಂದಿದ್ದರು. ಇನ್ನೊಬ್ಬರು ಸಂಗೀತ ರಚನೆಯಲ್ಲಿ ಯೂರೋಪಿಗೆಲ್ಲ ಹೆಸರಾಗಿದ್ದ ಗುಸ್ತಾವ್ ಮಾಹ್ಲರ್. ಪತ್ನಿಯ ಮನಸ್ಸು ತಮ್ಮಿಂದ ದೂರವಾಗಿದೆಯೆಂದು ತಿಳಿದು ಅವರ ಜೀವ ತಲ್ಲಣಿಸಿಹೋಗಿತ್ತು. ಡಾಕ್ಟರರನ್ನು ಕಾಣಲು ದಿನ ಗೊತ್ತುಮಾಡುವುದು, ಅನಂತರ ತಾವೇ ಅದನ್ನು ರದ್ದುಮಾಡುವುದು, ಹೀಗೆ ಮತ್ತೆ ಮತ್ತೆ ಮಾಡಿ ಕೊನೆಗೊಮ್ಮೆ ಧೈರ್ಯ ತಂದುಕೊಂಡು ಹೊರಟು ಬಂದಿದ್ದರು. ಸುಮಾರು ನಾಲ್ಕು ಗಂಟೆಗಳ ಕಾಲ ಆ ನಡಿಗೆ ಸಾಗಿತು. ಅಷ್ಟು ಹೊತ್ತಿನ ಮಾತಿನಿಂದಲೇ ಮಾಹ್ಲರರಿಗೆ ಎಷ್ಟೋ ಸಮಾಧಾನ ದೊರೆಯಿತು. ಮರುವರ್ಷ ಮೇ ತಿಂಗಳಿನಲ್ಲಿ ಅವರು ಹೃದ್ರೋಗದಿಂದ ತೀರಿಕೊಂಡಾಗ, ಆ ನಡಿಗೆಯ ಶುಲ್ಕದ ಬಿಲ್ಲನ್ನು ಫ್ರಾಯ್ಡರು ಮರೆಯದೆ ಅವರ ಆಸ್ತಿಯ ಲೆಕ್ಕ ನೋಡುತ್ತಿದ್ದವರಿಗೆ ಕಳುಹಿಸಿಕೊಟ್ಟರು. ವೈದ್ಯರು ಎಲ್ಲ ದೇಶಗಳಲ್ಲಿಯೂ ವೈದ್ಯರೇ!

ಒಂದೇ ಮಧ್ಯಾಹ್ನದಲ್ಲಿ ಒಬ್ಬರ ಎದೆಯ ಭಾರವನ್ನಿಳಿಸಿದ ಫ್ರಾಯ್ಡರ ಹೆಸರಿನಲ್ಲಿ ಮುಂದೆ ಬೆಳೆದ ಚಿಕಿತ್ಸೆ ಮಾತ್ರ ವರ್ಷಗಟ್ಟಲೆ ಹಿಡಿಯತೊಡಗಿದುದು ವಿಚಿತ್ರ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಸುಮಾರು ಒಂದು ಗಂಟೆ, ಹೀಗೆ ಹಲವು ವರ್ಷಗಳು! ಸಿರಿವಂತರಿಗೆ ಸರಿ, ತಿಂಗಳ ಮೊದಲ ತಾರೀಖನ್ನು ಎದುರುನೋಡುತ್ತ ಬಾಳುವ ಸಂಸಾರವಂದಿಗರಿಗೆ ಇದು ಸಾಧ್ಯವೇ?

ಈ ಪ್ರಶ್ನೆಯನ್ನು ಚಿಕಿತ್ಸಕರೇ ಕೇಳಿಕೊಳ್ಳದಿರಲಿಲ್ಲ. ೧೯೪೬ರಲ್ಲಿ ಅಮೆರಿಕೆಯ ಶಿಕಾಗೋ ನಗರದ ಫ್ರಾನ್ಸ್ ಅಲೆಕ್ಸಾಂಡರ್ ಮತ್ತು ಥಾಮಸ್ ಫ್ರೆಂಚ್ ಎಂಬ ಇಬ್ಬರು ಮನೋವಿಶ್ಲೇಷಕರು, ಚಿಕಿತ್ಸೆ ದೀರ್ಘವಾದಷ್ಟೂ ಗುಣ ಹೆಚ್ಚೆಂಬ ನಂಬಿಕೆಯನ್ನು ಪ್ರಶ್ನಿಸಿ ಪುಸ್ತಕವನ್ನೇ ಬರೆದರು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಪ್ರಾರಂಭವಾದ ಕೇಂದ್ರವೊಂದು, ಯಾರನ್ನೇ ಆಗಲಿ ೧೦ ಭೇಟಿಗಳಿಗಿಂತ ಹೆಚ್ಚು ನೋಡುವುದಿಲ್ಲವೆಂಬ ಕಟ್ಟುಪಾಡನ್ನು ಹಾಕಿಕೊಂಡಿತು. ೧೯೮೬ರಲ್ಲಿ ಕೆನೆತ್ ಹೋವರ್ಡ್ ಮತ್ತು ಅವರ ಸಂಗಡಿಗರು ಮೂವತ್ತು ವರ್ಷಗಳ ಅವಧಿಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ೨,೪೦೦ಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ನೋಡಿದರು. ೮ನೆಯ ಭೇಟಿಯ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿಯೂ, ೨೬ನೆಯ ಭೇಟಿಯ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಜನರಲ್ಲಿಯೂ ಅಳೆಯಬಹುದಾದಷ್ಟು ಸುಧಾರಣೆ ಕಂಡುಬಂದಿತ್ತು. ಹ್ರಸ್ವ ಚಿಕಿತ್ಸೆಯೆಂಬುದು ಕೇವಲ ಆತುರಗಾರರ ಕಲ್ಪನೆಯಲ್ಲವೆಂದು ಆಗ ಹಲವರಿಗೆ ಮನವರಿಕೆಯಾಯಿತು.

ಚಿಕಿತ್ಸೆಯ ಅವಧಿ ಚಿಕ್ಕದಾದರೆ ಚಿಕಿತ್ಸಕರ ಕಲಿಕೆಯ ಅವಧಿಯೂ ಚಿಕ್ಕದಾಗಬಹುದೇ? ಇಂದು ನಮ್ಮ ನಗರಗಳಲ್ಲಿ ಆಪ್ತಸಲಹೆಯ ಫಲಕಗಳು ಬೀದಿಗೊಂದರಂತೆ ಕಾಣಿಸಿಕೊಳ್ಳುತ್ತಿರುವಾಗ, ವಾರಾಂತ್ಯದ ಎರಡು ದಿನಗಳಲ್ಲಿ ಪ್ರಮಾಣಪತ್ರ ನೀಡುವುದಾಗಿ ಜಾಹೀರಾತುಗಳು ಸಾರುತ್ತಿರುವಾಗ, ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ. ಇದಕ್ಕೆ ಉತ್ತರವನ್ನು ಹುಡುಕಲು ಲಂಡನ್ ನಗರದ ಒಬ್ಬ ಬಡಾವಣೆಯ ಡಾಕ್ಟರರ ಕಥೆ ಬಹಳ ಸಹಾಯಕವಾಗಿದೆ.

ಬಡಾವಣೆಯ ಡಾಕ್ಟರರು

ಆಂಥೊನಿ ರೈಲ್ ಎಂಬ ಈ ಡಾಕ್ಟರರು ೧೯೨೭ರಲ್ಲಿ ಜನಿಸಿದರು. ತಂದೆ ಜಾನ್ ರೈಲ್ ಕೂಡ ಹೆಸರಾಂತ ವೈದ್ಯರು. ಸಮಾಜದ ಸ್ಥಿತಿಗತಿಗಳಿಗೂ ರೋಗಕ್ಕೂ ಇರುವ ನಂಟನ್ನು ಕುರಿತು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದವರು. ೧೯೪೮ರಲ್ಲಿ ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ವೈದ್ಯ ನೆರವನ್ನು ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾದ ಕೆಲವೇ ವರ್ಷಗಳಲ್ಲಿ ಮಗ ಆಂಥೊನಿ ಲಂಡನ್ನಿನ ಕೆಂಟಿಷ್ ಟೌನ್ ಎಂಬ, ದುಡಿಯುವ ಜನರೇ ಹೆಚ್ಚಾಗಿದ್ದ ಬಡಾವಣೆಯಲ್ಲಿ ಸಾಮಾನ್ಯ ವೈದ್ಯರಾಗಿ ಕೆಲಸ ಹಿಡಿದರು.

ಅಲ್ಲಿ ಅವರು ಕಂಡದ್ದೇನು? ತಲೆನೋವು, ಹೊಟ್ಟೆನೋವು, ನಿದ್ರೆಯಿಲ್ಲ, ಸುಸ್ತು ಎಂದು ಬರುವವರಲ್ಲಿ ಎಷ್ಟೋ ಜನರ ನೋವಿನ ಬೇರು ಮನೆಯೊಳಗಿನ ಕಲಹದಲ್ಲಿಯೋ ಬಾಲ್ಯದ ಕಹಿಯಲ್ಲಿಯೋ ಇತ್ತು. ತಮ್ಮಲ್ಲಿಗೆ ಬರುತ್ತಿದ್ದ ಕುಟುಂಬಗಳನ್ನೇ ಕ್ರಮವಾಗಿ ಅಧ್ಯಯನ ಮಾಡಿ ೧೯೬೭ರಲ್ಲಿ ಅವರೊಂದು ಪುಸ್ತಕವನ್ನು ಹೊರತಂದರು. ಸಾಧಾರಣ ಸಂಸಾರದಲ್ಲಿ ಮನಸ್ಸಿನ ಬೇನೆ ಎಷ್ಟಿದೆಯೆಂಬುದೇ ಅದರ ವಿಷಯ. ಅಷ್ಟು ಜನರಿಗೆ ವರ್ಷಗಟ್ಟಲೆ ಮನೋವಿಶ್ಲೇಷಣೆ ಮಾಡಿಸಲು ಸರಕಾರದ ಬೊಕ್ಕಸವೂ ಸಾಲದು, ಚಿಕಿತ್ಸಕರೂ ಸಾಲರು. ಇಂತಹವರಿಗೆ ಕೊಡಬಹುದಾದ, ಅಗ್ಗವಲ್ಲದಿದ್ದರೂ ಪ್ರಾಮಾಣಿಕವಾದ ಚಿಕಿತ್ಸೆಯೊಂದು ಬೇಕಾಗಿತ್ತು.

೧೯೬೪ರಲ್ಲಿ ಸಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಆರೋಗ್ಯ ಕೇಂದ್ರಕ್ಕೆ ಹೋದ ರೈಲ್, ಅಲ್ಲಿ ಹಾಗೂ ೧೯೮೦ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆ ಚಿಕಿತ್ಸೆಗೆ ರೂಪ ಕೊಟ್ಟರು. ಅದರ ಹೆಸರು ‘ಕಾಗ್ನಿಟಿವ್ ಅನಲಿಟಿಕ್ ಥೆರಪಿ’. ನಾವು ಅರಿವು-ವಿಶ್ಲೇಷಣ ಚಿಕಿತ್ಸೆಯೆನ್ನೋಣ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಕ್ಯಾಟ್’ ಎಂದು ಕರೆಯುವುದುಂಟು. ಬೆಕ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇದು ಹ್ರಸ್ವವೂ ಹೌದು, ಸಮನ್ವಯದ್ದೂ ಹೌದು. ಬಾಲ್ಯದ ಸಂಬಂಧಗಳು ಮುಂದಿನ ಬಾಳನ್ನು ರೂಪಿಸುತ್ತವೆಂಬ ತತ್ತ್ವವನ್ನು ಮನೋವಿಶ್ಲೇಷಣೆಯಿಂದ ತೆಗೆದುಕೊಂಡರು. ಇಂದಿನ ಆಲೋಚನೆಯನ್ನೂ ನಡತೆಯನ್ನೂ ನೇರವಾಗಿ ಪರಿಶೀಲಿಸುವ ವಿಧಾನವನ್ನು ಅರಿವಿನ ಮನಶ್ಶಾಸ್ತ್ರದಿಂದ ತಂದರು. ೧೯೩೪ರಲ್ಲಿ ಕ್ಷಯದಿಂದ ಕೇವಲ ೩೭ ವರ್ಷ ವಯಸ್ಸಿನಲ್ಲಿ ತೀರಿಕೊಂಡ ರಷ್ಯದ ಮನೋವಿಜ್ಞಾನಿ ವಿಗೋತ್ಸ್‌ಕಿ, ಮಗು ಇಂದು ದೊಡ್ಡವರ ನೆರವಿನಿಂದ ಮಾಡಿದ್ದನ್ನು ನಾಳೆ ತಾನೇ ಮಾಡಬಲ್ಲುದೆಂದು ತೋರಿಸಿದ್ದರು. ಆ ಮಾತೂ ಇಲ್ಲಿ ಕೆಲಸಕ್ಕೆ ಬಂದಿತು. ಹತ್ತು ಅಡಿಗೆಗಳನ್ನು ಒಂದೇ ಪಾತ್ರೆಗೆ ಸುರಿದರೆ ಊಟವಾಗುವುದಿಲ್ಲ. ಬಿಸಿಬೇಳೆಭಾತಿನಲ್ಲಿ ಅಕ್ಕಿ, ಬೇಳೆ, ಹುಣಿಸೆ, ಮಸಾಲೆಗಳು ಒಟ್ಟಿಗೆ ಬೆಂದು ಬೇರೆಯೇ ಒಂದು ರುಚಿ ಹುಟ್ಟುವಂತೆ, ರೈಲ್ ಅವರ ಸಮನ್ವಯಕ್ಕೆ ತನ್ನದೇ ಆದ ಹದವಿದೆ. ನಾನಾ ಪದ್ಧತಿಗಳಿಂದ ಕೈಗೆ ಸಿಕ್ಕಿದ್ದನ್ನು ಹೆಕ್ಕಿ ‘ನಮ್ಮದು ಸಮಗ್ರ ಚಿಕಿತ್ಸೆ’ ಎಂದು ಹೇಳಿಕೊಳ್ಳುವವರಿಗೆ ಈ ವ್ಯತ್ಯಾಸ ಹೊಳೆಯುವುದು ಅಪರೂಪ.

ಬಲೆ, ಇಕ್ಕಟ್ಟು, ತೊಡಕು

ಮನುಷ್ಯರು ತಮ್ಮ ದುಃಖದಲ್ಲಿಯೇ ಸುತ್ತುವುದಕ್ಕೆ ಮೂರು ಬಗೆಗಳನ್ನು ರೈಲ್ ೧೯೭೯ರ ಲೇಖನವೊಂದರಲ್ಲಿ ಹೆಸರಿಸಿದರು. ಪಾರಾಗಲು ಮಾಡುವ ಯತ್ನವೇ ಮತ್ತಷ್ಟು ಸಿಕ್ಕಿಸುವುದು ಬಲೆ. ‘ಒಂದೋ ಎಲ್ಲವೂ ಅಚ್ಚುಕಟ್ಟಾಗಿರಬೇಕು, ಇಲ್ಲವೇ ಎಲ್ಲವೂ ಹಾಳು’ ಎಂಬಂತೆ ಎರಡೇ ದಾರಿಗಳು ಕಾಣುವುದು ಇಕ್ಕಟ್ಟು. ತಾನು ಸುಖಪಟ್ಟರೆ ಇನ್ನಾರಿಗೋ ಕೇಡಾಗುವುದೆಂದು ಒಳಗೊಳಗೇ ಹೆದರಿ, ಕೈಗೆ ಬಂದ ತುತ್ತನ್ನು ಬಾಯಿಗಿಡದಿರುವುದು ತೊಡಕು. ಇವುಗಳ ವಿವರಣೆಯಿರುವ ಕೆಲವು ಪುಟಗಳನ್ನು ರೋಗಿಗೆ ಪ್ರಾರಂಭದಲ್ಲಿಯೇ ಕೊಟ್ಟು, ಮನೆಯಲ್ಲಿ ಓದಿ ತಮಗೆ ಒಪ್ಪುವುದಕ್ಕೆ ಗುರುತು ಹಾಕಿ ತರುವಂತೆ ಹೇಳುತ್ತಾರೆ.

ನಾಲ್ಕನೆಯ ಭೇಟಿಯ ಸುಮಾರಿಗೆ ಈ ಪದ್ಧತಿಯ ವಿಶೇಷ ಘಟ್ಟ ಬರುತ್ತದೆ. ಅದುವರೆಗೆ ಕೇಳಿದ್ದನ್ನೆಲ್ಲ ಕೂಡಿಸಿ ಚಿಕಿತ್ಸಕರು ರೋಗಿಗೊಂದು ಪತ್ರ ಬರೆಯುತ್ತಾರೆ. ಬರೆದು ಎದುರಿನಲ್ಲಿಯೇ ಓದಿ ಹೇಳುತ್ತಾರೆ.

ಓದುಗರಿಗೆ ತಿಳಿಯಾಗಲೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಬಸವನಗುಡಿಯಲ್ಲಿ ವಾಸವಾಗಿರುವ, ೪೨ ವರ್ಷ ವಯಸ್ಸಿನ ಶಾಲೆಯ ಉಪಾಧ್ಯಾಯಿನಿ. ತವರಿನ ಹಿರಿಯ ಮಗಳು, ಗಂಡನ ಮನೆಯ ಹಿರಿಯ ಸೊಸೆ. ಅತ್ತೆಯವರ ಔಷಧಿ, ಮೈದುನನ ಮಗನ ಓದು, ಶಾಲೆಯಲ್ಲಿ ಎಲ್ಲರೂ ಬೇಡವೆಂದ ಕೆಲಸ, ಎಲ್ಲವೂ ಇವರ ತಲೆಯ ಮೇಲೆ. ರಾತ್ರಿ ನಿದ್ರೆಯಿಲ್ಲ, ತಲೆಶೂಲೆ, ಡಾಕ್ಟರರ ಪರೀಕ್ಷೆಯಲ್ಲಿ ಏನೂ ಸಿಕ್ಕಲಿಲ್ಲ. ಇವರಿಗೆ ಬರೆಯುವ ಪತ್ರ ಹೀಗಿರಬಹುದು:

“ಮೊದಲ ಮೂರು ಭೇಟಿಗಳಲ್ಲಿ ನೀವು ಹೇಳಿದ್ದನ್ನು ನಾನು ತಿಳಿದುಕೊಂಡ ಬಗೆಯಲ್ಲಿ ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ನೀವೇ ತಿದ್ದಬೇಕು. ಎಂಟು ವರ್ಷದ ಹುಡುಗಿಯಾಗಿದ್ದಾಗಲೇ, ತಂದೆಯವರ ಚಪ್ಪಲಿಯ ಸದ್ದು ಕೇಳಿದೊಡನೆ ತಮ್ಮಂದಿರನ್ನು ಸುಮ್ಮನಾಗಿಸುವ ಕೆಲಸ ನಿಮ್ಮದಾಗಿತ್ತು. ಯಾರಿಗೂ ತೊಂದರೆ ಕೊಡದ ಹುಡುಗಿಯೆಂಬ ಹೊಗಳಿಕೆಯೊಂದೇ ಆ ಮನೆಯಲ್ಲಿ ನಿಮಗೆ ದೊರೆತ ಅಕ್ಕರೆ. ಅಂದು ಆ ಅಭ್ಯಾಸ ನಿಮ್ಮನ್ನು ಕಾಪಾಡಿತು. ಇಂದು ಯಾರು ಏನು ಕೇಳಿದರೂ ಇಲ್ಲವೆನ್ನಲು ನಿಮಗೆ ನಾಲಗೆ ಏಳುವುದಿಲ್ಲ. ಹೂಂ ಎನ್ನುತ್ತೀರಿ, ದಣಿಯುತ್ತೀರಿ, ಒಳಗೇ ಸಿಟ್ಟು ಬರುತ್ತದೆ, ಸಿಟ್ಟು ಬಂದುದಕ್ಕೆ ‘ನಾನೆಂಥ ಕೆಟ್ಟವಳು’ ಎಂದು ನಾಚುತ್ತೀರಿ, ಆ ನಾಚಿಕೆಯನ್ನು ತೀರಿಸಿಕೊಳ್ಳಲು ಮತ್ತೊಮ್ಮೆ ಹೂಂ ಎನ್ನುತ್ತೀರಿ. ಈ ವಾರಗಳಲ್ಲಿ ನೀವು ನನ್ನನ್ನೂ ಮೆಚ್ಚಿಸಲು ಹೊರಡಬಹುದು. ಹಾಗಾದಾಗ ನಾವಿಬ್ಬರೂ ಅದನ್ನು ಗುರುತಿಸೋಣ.”

ಪತ್ರದಲ್ಲಿ ತೀರ್ಪಿಲ್ಲ, ಉಪದೇಶವಿಲ್ಲ, ದೊಡ್ಡ ದೊಡ್ಡ ಶಾಸ್ತ್ರೀಯ ಶಬ್ದಗಳಿಲ್ಲ. ರೋಗಿ ಅದನ್ನು ಮನೆಗೆ ಕೊಂಡೊಯ್ದು, ಓದಿ, ತಿದ್ದಿ ತರಬಹುದು. ತಮ್ಮ ಇಡೀ ಬಾಳನ್ನು ಇನ್ನೊಬ್ಬರು ಗಮನವಿಟ್ಟು ಕೇಳಿ ಎರಡು ಪುಟಗಳಲ್ಲಿ ಬರೆದುದನ್ನು ಕೇಳುವಾಗ ಅನೇಕರ ಕಣ್ಣು ತುಂಬಿ ಬರುತ್ತದೆ. ಅನಂತರ ಅದೇ ಸುತ್ತನ್ನು ಒಂದು ಕಾಗದದ ಮೇಲೆ ನಕ್ಷೆಯಾಗಿ ಬರೆಯುತ್ತಾರೆ. ಬಾಣದ ಗುರುತುಗಳು ಒಂದರಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಮೊದಲಿಗೇ ಬಂದು ಸೇರುತ್ತವೆ. ಉಳಿದ ವಾರಗಳ ಕೆಲಸವೆಂದರೆ, ದಿನದ ಬಾಳಿನಲ್ಲಿ ಆ ಸುತ್ತು ಪ್ರಾರಂಭವಾಗುವ ಗಳಿಗೆಯನ್ನು ಗುರುತಿಸುವುದು, ಆಮೇಲೆ ಅದರಿಂದ ಹೊರಬರುವ ದಾರಿಯೊಂದನ್ನು ಹುಡುಕುವುದು.

ಒಟ್ಟು ಭೇಟಿಗಳು ಸಾಧಾರಣವಾಗಿ ೧೬. ಬೇನೆ ಬಲವಾಗಿದ್ದರೆ ೨೪. ಇದು ಮೊದಲ ದಿನವೇ ತಿಳಿಸಿದ ಗಡುವು. ಇನ್ನೆಷ್ಟು ಭೇಟಿಗಳು ಉಳಿದಿವೆಯೆಂದು ಪ್ರತಿ ವಾರವೂ ನೆನಪಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ವಿದಾಯದ ಪತ್ರ ಬರೆದು ಓದುತ್ತಾರೆ. ಮೂರು ತಿಂಗಳ ಬಳಿಕ ಒಮ್ಮೆ ನೋಡಿ ವಿಚಾರಿಸುತ್ತಾರೆ. ನಮ್ಮ ನಾಡಿನಲ್ಲಿ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ರೂಢಿಯಿರುವುದರಿಂದ ಈ ಗಡುವು ಕಠಿಣವೆಂದು ತೋರಬಹುದು. ನನಗಾದರೋ ಈ ಪದ್ಧತಿಯ ಅತ್ಯಂತ ಪ್ರಾಮಾಣಿಕ ಭಾಗವೇ ಅದೆಂದು ತೋರುತ್ತದೆ. ಅಗಲಿಕೆಯನ್ನು ಮುಚ್ಚಿಡದೆ, ದುಃಖವನ್ನೂ ಅಸಮಾಧಾನವನ್ನೂ ಬಾಯಿಬಿಟ್ಟು ಹೇಳಿ ಮುಗಿಸಿದ ಸಂಬಂಧ ಎಷ್ಟೋ ಜನರ ಬಾಳಿನಲ್ಲಿ ಅದೊಂದೇ ಇರುತ್ತದೆ.

ಕೋಡುಬಳೆಯ ಪ್ರಸಂಗ

ಇನ್ನು ತರಬೇತಿಯ ಮಾತು. ಮೇಲಿನ ಉಪಾಧ್ಯಾಯಿನಿಯವರು ಏಳನೆಯ ವಾರ ಒಂದು ಡಬ್ಬಿಯಲ್ಲಿ ಕೋಡುಬಳೆ ತಂದರೆಂದು ಭಾವಿಸಿರಿ. “ನಿಮಗೆ ದಣಿವಾಗಿರಬೇಕು, ಮೇಡಂ. ಮುಂದಿನ ವಾರ ಬೇಕಾದರೆ ಬಿಡೋಣ. ನನಗಿಂತ ಕಷ್ಟದಲ್ಲಿರುವವರು ಎಷ್ಟು ಜನ ಕಾಯುತ್ತಿರುತ್ತಾರೋ!” ಎಂದು ನಗುನಗುತ್ತ ಹೇಳಿದರು. ತರಬೇತಿಯಿಲ್ಲದ ಆಪ್ತಸಲಹೆಗಾರ್ತಿಗೆ ಎಷ್ಟು ಸಂತೋಷ! ಎಷ್ಟು ಒಳ್ಳೆಯ ಹೆಂಗಸು, ಎಷ್ಟು ಬೇಗ ಚೇತರಿಸಿಕೊಂಡರು ಎಂದು ಆಕೆ ಡಬ್ಬಿ ತೆರೆಯುತ್ತಾರೆ. ಆದರೆ ನಡೆದುದೇನು? ಪತ್ರದಲ್ಲಿ ಬರೆದ ಬಲೆಯೇ ಆ ಕೋಣೆಯೊಳಗೆ ಬಂದು ಕುಳಿತಿದೆ. ಇಲ್ಲಿಯೂ ಆ ತಾಯಿ ಯಾರಿಗೂ ತೊಂದರೆ ಕೊಡದ ಹುಡುಗಿಯೇ ಆದರು. ಚಿಕಿತ್ಸಕಿ, ತನಗೆ ತಿಳಿಯದೆ, ಆಕೆಯಿಂದ ಸೇವೆ ಮಾಡಿಸಿಕೊಳ್ಳುವ ಇನ್ನೊಬ್ಬರಾದರು.

ಎಚ್ಚರವಾಗಿರುವ ಚಿಕಿತ್ಸಕಿ ನಕ್ಷೆಯ ಕಾಗದವನ್ನು ಮೇಜಿನ ಮೇಲೆ ಹರಡಿ, “ಈ ಸುತ್ತಿನಲ್ಲಿ ಈಗ ನಾವಿಬ್ಬರೂ ಎಲ್ಲಿದ್ದೇವೆ, ನೋಡೋಣವೇ?” ಎಂದು ಕೇಳುತ್ತಾರೆ. ಅಷ್ಟೇ. ಆದರೆ ಆ ಒಂದು ಪ್ರಶ್ನೆಯನ್ನು ಸರಿಯಾದ ಗಳಿಗೆಯಲ್ಲಿ, ನೋಯಿಸದೆ ಕೇಳುವುದಕ್ಕೆ ಎರಡು ವರ್ಷದ ಕಲಿಕೆ ಬೇಕು.

ಬ್ರಿಟನ್ನಿನಲ್ಲಿ ಈ ಚಿಕಿತ್ಸೆಯ ವೃತ್ತಿ ತರಬೇತಿ ಎರಡು ವರ್ಷಗಳದು. ಸೇರುವವರು ದಾದಿಯರು, ಮನೋವಿಜ್ಞಾನಿಗಳು, ಸಮಾಜಸೇವಾ ಕಾರ್ಯಕರ್ತರು, ಮನೋವೈದ್ಯರು ಮೊದಲಾದ, ಅದಾಗಲೇ ಒಂದು ವೃತ್ತಿಯಲ್ಲಿ ಪಳಗಿದವರು. ಉಪನ್ಯಾಸಗಳೂ ಪ್ರಬಂಧಗಳೂ ಇದ್ದೇ ಇವೆ. ಅವುಗಳ ವಿವರ ಬೇಡ. ಮುಖ್ಯವಾದುದು ಎಂಟು ರೋಗಿಗಳಿಗೆ ಆದಿಯಿಂದ ಅಂತ್ಯದವರೆಗೆ ಚಿಕಿತ್ಸೆ ನೀಡುವುದು, ಅದನ್ನು ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿಯೇ ನೀಡುವುದು. ಕೆಲವು ಮಂದಿ ಕಲಿಯುವವರು ಹಿರಿಯರೊಡನೆ ವಾರವಾರವೂ ಕೂಡುತ್ತಾರೆ. ರೋಗಿಯ ಒಪ್ಪಿಗೆಯಿಂದ ಮಾಡಿಕೊಂಡ ಧ್ವನಿಮುದ್ರಿಕೆಗಳನ್ನು ಅಲ್ಲಿ ಕೇಳಿಸುತ್ತಾರೆ. ರೋಗಿಗೆ ಓದುವ ಮುನ್ನ ಪತ್ರದ ಕರಡನ್ನು ಆ ಗುಂಪಿನಲ್ಲಿ ಓದುತ್ತಾರೆ. ‘ಈ ವಾಕ್ಯದಲ್ಲಿ ನಿಮ್ಮ ಕನಿಕರ ಹೆಚ್ಚಾಯಿತು’, ‘ಇಲ್ಲಿ ನೀವು ಆಕೆಯ ತಂದೆಯಂತೆ ಗದರಿಸುತ್ತಿದ್ದೀರಿ’ ಎಂಬಂತಹ ಮಾತುಗಳನ್ನು ಕೇಳಿಸಿಕೊಳ್ಳಬೇಕು. ಕೋಡುಬಳೆಯನ್ನು ತಿಂದಿರಾ ಎಂದು ಕೇಳುವವರೊಬ್ಬರು ಇರುವುದೇ ಮೇಲ್ವಿಚಾರಣೆಯ ಸಾರ!

ಇನ್ನೊಂದು ನಿಯಮ ನಮ್ಮವರಿಗೆ ಆಶ್ಚರ್ಯ ತಂದೀತು. ಕಲಿಯುವವರು ತಾವೂ ರೋಗಿಯ ಕುರ್ಚಿಯಲ್ಲಿ ಕುಳಿತು ೧೬ ಭೇಟಿಗಳ ಚಿಕಿತ್ಸೆ ಪಡೆಯಬೇಕು. ತಮ್ಮ ಬಾಲ್ಯವನ್ನು ಕುರಿತ ಪತ್ರವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕು. ತಮ್ಮ ಬಲೆ ಯಾವುದೆಂದು ಕಾಣಬೇಕು. ಇದಕ್ಕೆ ಕಾರಣವುಂಟು. ಸದಾ ಹಂಗಿಸುವ ತಂದೆಯ ಕೈಕೆಳಗೆ ಬೆಳೆದ ಮಗು ಹಂಗಿಸಿಕೊಳ್ಳುವುದನ್ನು ಮಾತ್ರವಲ್ಲದೆ ಹಂಗಿಸುವುದನ್ನೂ ಕಲಿತಿರುತ್ತದೆಂಬುದು ರೈಲ್ ಅವರ ಸಿದ್ಧಾಂತದ ತಿರುಳು. ದೊಡ್ಡವನಾದ ಮೇಲೆ ಅದು ಒಮ್ಮೆ ತನ್ನನ್ನು ತಾನೇ ಹಂಗಿಸಿಕೊಳ್ಳುತ್ತದೆ, ಇನ್ನೊಮ್ಮೆ ಹೆಂಡತಿಯನ್ನೋ ಗುಮಾಸ್ತನನ್ನೋ ಹಂಗಿಸುತ್ತದೆ, ಮತ್ತೊಮ್ಮೆ ಎದುರಿಗಿರುವವರೇ ತನ್ನನ್ನು ಹಂಗಿಸುವಂತೆ ಮಾಡುತ್ತದೆ. ಈ ಎರಡು ಪಾತ್ರಗಳ ನಾಟಕಕ್ಕೆ ಚಿಕಿತ್ಸಕರನ್ನೂ ಎಳೆಯದೆ ಬಿಡುವುದಿಲ್ಲ. ಎಲ್ಲರನ್ನೂ ಉದ್ಧರಿಸಬೇಕೆಂಬ ಹಂಬಲವಿರುವ ಚಿಕಿತ್ಸಕರು ಉದ್ಧಾರಕರ ಪಾತ್ರಕ್ಕೆ ಬೇಗ ಬೀಳುತ್ತಾರೆ. ಹೊಗಳಿಕೆಗೆ ಹಸಿದವರು ಕೋಡುಬಳೆಯ ಡಬ್ಬಿಗೆ ಬೀಳುತ್ತಾರೆ. ಚಿಕಿತ್ಸೆಗೆ ೧೬ ವಾರಗಳಷ್ಟೇ ಇರುವಾಗ, ಹೀಗೆ ದಾರಿ ತಪ್ಪಿದ ಒಂದು ತಿಂಗಳೆಂದರೆ ಕಾಲು ಭಾಗ ಹೋದಂತೆಯೇ ಸರಿ. ವರ್ಷಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವುಂಟು. ಹ್ರಸ್ವ ಚಿಕಿತ್ಸೆಯಲ್ಲಿ ಆ ಸಾವಕಾಶವಿಲ್ಲ.

ಇದು ಬರಿಯ ತರ್ಕವಲ್ಲ. ೨೦೦೬ರಲ್ಲಿ ಡಾನ್ ಬೆನೆಟ್, ಗ್ಲೆನಿಸ್ ಪ್ಯಾರಿ ಮತ್ತು ರೈಲ್ ಮೂವರೂ ಕೂಡಿ, ಗುಣ ಕಂಡ ಮತ್ತು ಗುಣ ಕಾಣದ ಚಿಕಿತ್ಸೆಗಳ ಧ್ವನಿಮುದ್ರಿಕೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಚಿಕಿತ್ಸಕರಿಗೂ ರೋಗಿಗೂ ನಡುವಣ ವಿಶ್ವಾಸ ಅಲುಗಾಡುವ ಗಳಿಗೆಗಳು ಎರಡು ಕಡೆಯೂ ಬಂದಿದ್ದುವು. ಗುಣ ಕಂಡ ಕಡೆ ಚಿಕಿತ್ಸಕರು ಅಂತಹ ಗಳಿಗೆಗಳಲ್ಲಿ ಹೆಚ್ಚಿನವನ್ನು ಗುರುತಿಸಿ ಅದನ್ನೇ ಮಾತಿಗೆ ತಂದಿದ್ದರು. ಗುಣ ಕಾಣದ ಕಡೆ ಬಹುಪಾಲನ್ನು ಗಮನಿಸದೆ ಮುಂದೆ ಸಾಗಿದ್ದರು.

ಈ ಚಿಕಿತ್ಸೆಯನ್ನು ಸರ್ವರೋಗಕ್ಕೂ ರಾಮಬಾಣವೆಂದು ಹೊಗಳುವುದು ಸರಿಯಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ತೀವ್ರವಾದ ಭಾವವೈಪರೀತ್ಯದಿಂದ ಬಳಲುತ್ತಿದ್ದ ಹದಿಹರೆಯದವರ ಮೇಲೆ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಈ ಚಿಕಿತ್ಸೆ ಪಡೆದವರೂ, ಅಷ್ಟೇ ಶ್ರದ್ಧೆಯ ಬೇರೆ ಶುಶ್ರೂಷೆ ಪಡೆದವರೂ ಎರಡು ವರ್ಷಗಳಲ್ಲಿ ಹೆಚ್ಚುಕಡಮೆ ಒಂದೇ ಸಮನಾಗಿ ಸುಧಾರಿಸಿದರು. ಕ್ಯಾಟ್ ಪಡೆದವರ ಸುಧಾರಣೆ ಸ್ವಲ್ಪ ಬೇಗನೆ ಕಂಡಿತೆಂಬುದಷ್ಟೇ ವ್ಯತ್ಯಾಸ.

ನೆರೆಯ ಗೋವೆಯಲ್ಲಿ

‘ಎರಡು ವರ್ಷ ಕಲಿತ ಚಿಕಿತ್ಸಕರನ್ನು ನಮ್ಮ ಹಳ್ಳಿ ಪಟ್ಟಣಗಳಿಗೆಲ್ಲ ಎಲ್ಲಿಂದ ತರೋಣ?’ ಎಂದು ಓದುಗರು ಕೇಳುವುದು ನ್ಯಾಯವೇ. ಇದಕ್ಕೆ ಒಂದು ಬಗೆಯ ಉತ್ತರ ನಮ್ಮ ನೆರೆಯ ಗೋವೆಯಿಂದ ಬಂದಿದೆ. ಅಲ್ಲಿ ೧೯೯೬ರಲ್ಲಿ ಸ್ಥಾಪನೆಯಾದ ‘ಸಂಗಾತ್’ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು, ಮನಶ್ಶಾಸ್ತ್ರವನ್ನು ಹಿಂದೆಂದೂ ಓದಿರದ ಸ್ಥಳೀಯ ಜನರನ್ನೇ ಆರಿಸಿ, ಖಿನ್ನತೆಗೆ ೬ರಿಂದ ೮ ಭೇಟಿಗಳ ಹ್ರಸ್ವ ಚಿಕಿತ್ಸೆ ನೀಡಲು ತಯಾರುಮಾಡಿದರು. ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಕೈಗೊಳ್ಳುವಂತೆ ಮಾಡುವುದು ಅದರ ತಿರುಳು. ಅದರ ಜೊತೆಗೆ ಸಮಸ್ಯೆಯನ್ನು ಬಿಡಿಸುವ ಕ್ರಮ, ನೆಂಟರಿಷ್ಟರ ನೆರವು ಮೊದಲಾದವನ್ನು ಹೆಣೆದಿದ್ದರು. ೧೦ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸುಮಾರು ೫೦೦ ಜನರನ್ನು ಎರಡು ಗುಂಪಾಗಿ ಮಾಡಿ ಪರೀಕ್ಷಿಸಿದ ಫಲ ೨೦೧೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಮೂರು ತಿಂಗಳ ಬಳಿಕ, ಡಾಕ್ಟರರ ಆರೈಕೆಯೊಂದನ್ನೇ ಪಡೆದವರಲ್ಲಿ ಶೇಕಡಾ ೩೯ ಜನರ ಖಿನ್ನತೆ ಇಳಿದಿದ್ದರೆ, ಅದರೊಡನೆ ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ಶೇಕಡಾ ೬೪ ಜನರದು ಇಳಿದಿತ್ತು.

ಹಾಗಾದರೆ ಹೆಚ್ಚು ಕಲಿಕೆ ಬೇಡವೆಂದಾಯಿತಲ್ಲ! ಅಷ್ಟು ಬೇಗ ಆ ನಿರ್ಣಯಕ್ಕೆ ಬರಲಾಗದು. ಅಲ್ಲಿನ ತರಗತಿಯ ಪಾಠ ಕೆಲವೇ ವಾರಗಳದು, ನಿಜ. ಆದರೆ ಅದರ ಬೆನ್ನಿಗೆ ತಿಂಗಳುಗಟ್ಟಲೆ, ಹಿರಿಯರ ಕಣ್ಣಳತೆಯಲ್ಲಿ, ನಿಜವಾದ ರೋಗಿಗಳೊಡನೆ ಅಭ್ಯಾಸವಿತ್ತು; ಅದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಕೆಲಸ. ಅನಂತರವೂ ಅವರನ್ನು ಅವರ ಪಾಡಿಗೆ ಬಿಡಲಿಲ್ಲ. ಸಲಹೆಗಾರರು ಗುಂಪಾಗಿ ಕುಳಿತು ಒಬ್ಬೊಬ್ಬರ ಧ್ವನಿಮುದ್ರಿಕೆಯನ್ನು ಕೇಳಿ, ಗೊತ್ತಾದ ಅಳತೆಗೋಲಿನಂತೆ ಅಂಕ ಕೊಡುತ್ತಿದ್ದರು. ಅನುಭವ ಬಂದಂತೆ ಅವರು ಕೊಟ್ಟ ಅಂಕಗಳು ತಜ್ಞರು ಕೊಟ್ಟ ಅಂಕಗಳಿಗೆ ಬಹುಮಟ್ಟಿಗೆ ಹೊಂದಿದುವು. ಲಂಡನ್ನಿನ ಚಿಕಿತ್ಸಕಿಗೂ ಗೋವೆಯ ಆರೋಗ್ಯ ಕೇಂದ್ರದ ಹೆಣ್ಣುಮಗಳಿಗೂ ಓದಿನಲ್ಲಿ ಅಜಗಜಾಂತರ. ಆದರೆ ಇಬ್ಬರ ಮಾತನ್ನೂ ಇನ್ನೊಬ್ಬರು ಕಿವಿಗೊಟ್ಟು ಕೇಳಿ ತಿದ್ದುತ್ತಿದ್ದರು.

ನಮ್ಮಲ್ಲಿ ಏನಿದೆ?

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ೧೯೫೪ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಗಿ ಮನೋವೈದ್ಯರಿಗೂ ಮನೋವಿಜ್ಞಾನಿಗಳಿಗೂ ಶಿಕ್ಷಣ ನೀಡತೊಡಗಿತು. ೧೯೭೪ರಲ್ಲಿ ಅದು ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಅಲ್ಲಿನ ಕುಟುಂಬ ಮನೋವೈದ್ಯ ಕೇಂದ್ರದಲ್ಲಿ ರೋಗಿಯೊಬ್ಬರನ್ನೇ ಅಲ್ಲದೆ ಮನೆಯವರನ್ನೂ ಕೂಡಿಸಿಕೊಂಡು ಚಿಕಿತ್ಸೆ ನೀಡುವ ಕ್ರಮವಿದೆ. ನಮ್ಮ ಸಂಸಾರಗಳ ಸ್ವರೂಪವನ್ನು ಬಲ್ಲವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಮನಸ್ಸಿನ ಆರೋಗ್ಯವನ್ನು ಕುರಿತು ನೂರಕ್ಕೂ ಮಿಕ್ಕಿ ಪುಸ್ತಕಗಳನ್ನು ಬರೆದು, ಸಾಮಾನ್ಯ ಗೃಹಸ್ಥರಿಗೂ ಆಪ್ತಸಲಹೆಯ ತರಬೇತಿ ನೀಡುತ್ತ ಬಂದವರು. ೨೦೨೪ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು.

ಕಾನೂನಿನ ಸ್ಥಿತಿ ಮಾತ್ರ ಬಹುಕಾಲ ವಿಚಿತ್ರವಾಗಿತ್ತು. ೧೯೯೨ರ ಕಾಯಿದೆಯಂತೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ವೃತ್ತಿ ನಡೆಸುವವರು ಭಾರತೀಯ ಪುನರ್ವಸತಿ ಪರಿಷತ್ತಿನ ದಫ್ತರದಲ್ಲಿ ಹೆಸರು ನೋಂದಾಯಿಸಿರಬೇಕು. ‘ಕೌನ್ಸೆಲರ್’ ಎಂಬ ಹೆಸರಿಗೆ ಅಂತಹ ಬೇಲಿಯೇ ಇರಲಿಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಇತರ ವೃತ್ತಿಗಳಿಗಾಗಿ ೨೦೨೧ರಲ್ಲಿ ಆದ ರಾಷ್ಟ್ರೀಯ ಆಯೋಗದ ಕಾಯಿದೆ, ಸಲಹೆಗಾರರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡು ಮೊದಲ ಗೂಟವನ್ನು ನೆಟ್ಟಿದೆ.

ಹೆಸರಿನ ಮಾತು ಬಂದುದರಿಂದ ಒಂದು ವಿಷಯ. ‘ಆಪ್ತಸಲಹೆ’ ಎಂಬ ನಮ್ಮ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಒಳ್ಳೆಯ ತರಬೇತಿಯಲ್ಲಿ ಮೊದಲು ಬಿಡಿಸುವುದು ಸಲಹೆ ಕೊಡುವ ಚಟವನ್ನೇ! ಸಲಹೆಗೆ ನಮ್ಮಲ್ಲಿ ಬರವೆಲ್ಲಿದೆ? ಸೋದರಮಾವನಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಕೊಡುತ್ತಾರೆ. ‘ಆಪ್ತಸಮಾಲೋಚನೆ’ ಎಂಬುದು ನಾಲಗೆಗೆ ಭಾರವಾದರೂ, ಜೊತೆಗೂಡಿ ಆಲೋಚಿಸುವುದೆಂಬ ಅರ್ಥದಿಂದ ನಿಜಕ್ಕೆ ಹತ್ತಿರವಾಗಿದೆ.

ಆದುದರಿಂದ ಮನೆಯ ಮಗನನ್ನೋ ಸೊಸೆಯನ್ನೋ ಇಂತಹವರೊಬ್ಬರ ಬಳಿಗೆ ಕರೆದೊಯ್ಯುವ ಮುನ್ನ ಕೆಲವು ಮಾತುಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಸುಮಾರು ಎಷ್ಟು ಭೇಟಿಗಳು ಬೇಕಾದಾವು? ಗುಣ ಕಾಣುತ್ತಿದೆಯೆಂದು ತಿಳಿಯುವುದು ಹೇಗೆ? ಕಾಣದಿದ್ದರೆ ಯಾರ ಬಳಿಗೆ ಕಳುಹಿಸುತ್ತೀರಿ? ಇಲ್ಲದ ಧ್ವನಿಗಳು ಕೇಳಿಸುವುದು, ಊಟ ನಿದ್ರೆ ಪೂರ್ತಿಯಾಗಿ ಕೆಡುವುದು ಮುಂತಾದ ಸಂದರ್ಭಗಳಲ್ಲಿ ಮಾತಿನ ಚಿಕಿತ್ಸೆಯೊಂದನ್ನೇ ನಂಬಿ ಕೂಡದೆ ಮನೋವೈದ್ಯರನ್ನು ಕಾಣಲೇಬೇಕು. ಸಾಯುವ ಮಾತು ಬಾಯಿಗೆ ಬಂದರಂತೂ ಅಂದೇ ಕಾಣಬೇಕು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರಕಾರ ಪ್ರಾರಂಭಿಸಿದ ‘ಟೆಲಿ ಮಾನಸ್’ ಸೇವೆಗೆ ೧೪೪೧೬ ಸಂಖ್ಯೆಯ ಮೂಲಕ ಹಗಲಿರುಳೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಮಾರ್ಗದರ್ಶನದ ಹೊಣೆ ನಿಮ್ಹಾನ್ಸಿನದು.

ಎಲ್ಲಕ್ಕಿಂತ ಮಿಗಿಲಾಗಿ ಕೇಳಬೇಕಾದ ಪ್ರಶ್ನೆ ಇದು: ‘ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಾದರೂ ಇದ್ದಾರೆಯೇ?’ ತಕ್ಕ ತರಬೇತಿ ಪಡೆದವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಹೌದು, ಇಂತಹವರಿದ್ದಾರೆ, ಇಷ್ಟು ದಿನಕ್ಕೊಮ್ಮೆ ಅವರನ್ನು ಕಾಣುತ್ತೇನೆ, ನಿಮ್ಮ ಹೆಸರನ್ನು ಹೇಳದೆಯೇ ಚರ್ಚಿಸುತ್ತೇನೆ ಎಂದು ನೇರವಾಗಿ ಹೇಳುತ್ತಾರೆ. ‘ಇಪ್ಪತ್ತು ವರ್ಷದ ಅನುಭವ ನನಗಿದೆ, ನನ್ನನ್ನು ಯಾರು ನೋಡಬೇಕು?’ ಎಂದು ಹುಬ್ಬೇರಿಸಿದರೆ, ಕೈಮುಗಿದು ಎದ್ದು ಬಂದು ಇನ್ನೊಂದು ಬಾಗಿಲನ್ನು ತಟ್ಟುವುದಕ್ಕೆ ಸಂಕೋಚಪಡಬೇಕಾಗಿಲ್ಲ.